ತಾಳಗುಪ್ಪ ಹಳೇ ರೈಲ್ವೆ ಯಾರ್ಡ್: ಬಂದಿದ್ದು ಯಾಕೆ, ಇದ್ದಿದ್ದು ಹೇಗೆ, ಜಾಗ ಯಾರದ್ದು?

ಸಾಗರ: ತಾಳಗುಪ್ಪದ ರೈಲು ನಿಲ್ದಾಣ ಅಂದ ಕೂಡಲೇ ಈಗಿನ ಹುಡುಗರಿಗೆ ನೆನಪಾಗೋದು ಮೈಸೂರು, ಬೆಂಗಳೂರು ಕಡೆ ಹೋಗೋ ಎಕ್ಸ್‌ಪ್ರೆಸ್ ಗಾಡಿಗಳು. ಐವತ್ತು ದಾಟಿದವರಿಗೆ ನೆನಪಾಗೋದು ಸಣ್ಣ ಹಳಿಯ ಗಾಡಿ, ಆಮೇಲೆ ಓಡಿದ ರೈಲ್ ಬಸ್. ಅದಕ್ಕಿಂತ ಹಿರಿಯರನ್ನ ಕೇಳಿದ್ರೆ ಜೋಗದ ಕೆಲಸದ ಕಾಲದ ಮಾತು ಬರುತ್ತೆ. ಒಂದೇ ನಿಲ್ದಾಣಕ್ಕೆ ಮೂರು ಆಯಸ್ಸು.

ನಿಲ್ದಾಣದ ಸುತ್ತಮುತ್ತ ಅಂಗಡಿ ಇಟ್ಟವರು, ಇಡಬೇಕು ಅಂತಿರೋರು, ಪಕ್ಕದಲ್ಲಿ ಮನೆ ಜಾಗ ಇರೋರು ಆಗಾಗ ಕೇಳೋ ಪ್ರಶ್ನೆ ಒಂದೇ: "ಹಳೇ ಯಾರ್ಡಿನ ಜಾಗ ಎಲ್ಲೀ ತನಕ? ರೈಲ್ವೆಯೋರು ಬಿಟ್ಟು ಹೋದ ಮೇಲೆ ಅದು ಯಾರದ್ದು?" ಇದಕ್ಕೆ ಉತ್ತರ ಸಿಗಬೇಕಾದರೆ ಯಾರ್ಡ್ ಇಲ್ಲಿಗೆ ಯಾಕೆ ಬಂತು, ಅದರ ಅಂಗಾಂಗ ಏನಿತ್ತು ಅನ್ನೋದನ್ನ ಮೊದಲು ತಿಳಿದುಕೊಳ್ಳಬೇಕು.

ಬೀರೂರಿನಿಂದ ಶಿವಮೊಗ್ಗಕ್ಕೆ, ಅಲ್ಲಿಂದ ಕಾಡಿಗೆ

ಮೈಸೂರು ಸಂಸ್ಥಾನದ ರೈಲು ಶುರುವಾಗಿದ್ದೇ ಮೀಟರ್ ಗೇಜ್‌ನಲ್ಲಿ. ಎರಡು ಹಳಿಗಳ ನಡುವೆ ಸರಿಯಾಗಿ 1 ಮೀಟರ್. ಈಗಿನ ಬ್ರಾಡ್ ಗೇಜ್ 1,676 ಮಿಲಿಮೀಟರ್, ಅಂದ್ರೆ ಎರಡು ಅಡಿಗಿಂತ ಹೆಚ್ಚು ಅಗಲ ಜಾಸ್ತಿ. 1876–78ರ ಬರಗಾಲದ ಹೊತ್ತಿನಲ್ಲಿ ಜನರಿಗೆ ಕೂಲಿ ಕೊಡೋಕೆ ಅಂತ ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸ ಹಿಡಿದಿದ್ದರು. ದುಡ್ಡು ಕಡಿಮೆ, ಕೆಲಸ ಬೇಗ ಆಗಬೇಕು, ಹಾಗಾಗಿ ಸಣ್ಣ ಹಳಿ. ಆಮೇಲೆ ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಬೀರೂರು, ಹರಿಹರ ಅಂತ ಮುಖ್ಯ ದಾರಿ ಬೆಳೀತು. ಬೀರೂರಿನಿಂದ ಒಂದು ಟಿಸಿಲು ಒಡೆದು ಶಿವಮೊಗ್ಗಕ್ಕೆ ಬಂದಿದ್ದು 1899ರಲ್ಲಿ.

ಶಿವಮೊಗ್ಗದಲ್ಲೇ ಹಳಿ ಮೂರು ದಶಕ ನಿಂತುಬಿಡ್ತು. ಮುಂದೆ ಕಾಡು, ಏರು ಇಳಿತ, ಮಳೆ. ಅಷ್ಟರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತ್ತು. ಆಗ ಅಲ್ಲಿ ಕಬ್ಬಿಣ ಕರಗಿಸ್ತಿದ್ದಿದ್ದು ಕಲ್ಲಿದ್ದಲಲ್ಲಿ ಅಲ್ಲ, ಮರದ ಇದ್ದಿಲಲ್ಲಿ. ಹೀಗಾಗಿ ಮಲೆನಾಡಿನ ಕಟ್ಟಿಗೆಗೆ, ನಾಟಾಕ್ಕೆ ಬೆಲೆ ಬಂತು. 1930ರ ದಶಕದಲ್ಲಿ ಹಳಿ ಹಂತ ಹಂತವಾಗಿ ಕುಂಸಿ, ಅರಸಾಳು, ಆನಂದಪುರ ದಾಟಿ ಸಾಗರಕ್ಕೆ ಬಂತು. ಕೊನೆಗೆ 1940ರಲ್ಲಿ ತಾಳಗುಪ್ಪ ಮುಟ್ಟಿತು. ಶಿವಮೊಗ್ಗದಿಂದ ಇಲ್ಲಿಗೆ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರ.

ಆ ಇಸವಿ ಸುಮ್ಮನೆ ಬಂದಿದ್ದಲ್ಲ. ಅದರ ಹಿಂದಿನ ವರ್ಷ, 1939ರಲ್ಲಿ, ಜೋಗದ ಜಲವಿದ್ಯುತ್ ಯೋಜನೆ ಕೆಲಸ ಶುರುವಾಗಿತ್ತು. ತಾಳಗುಪ್ಪದಿಂದ ಜೋಗಕ್ಕೆ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಆಸುಪಾಸು. ಟರ್ಬೈನು, ಕಬ್ಬಿಣದ ಭಾರೀ ಕೊಳವೆ, ಟ್ರಾನ್ಸ್‌ಫಾರ್ಮರ್‌ನಂಥ ಸಾಮಾನು ಸಾಗಿಸೋಕೆ ಆ ಕಾಲದ ಲಾರಿ, ಆ ಕಾಲದ ರಸ್ತೆ ಎರಡೂ ಸಾಲದು. ರೈಲು ಎಲ್ಲಿ ತನಕ ಬರುತ್ತೋ ಅಲ್ಲೀ ತನಕ ರೈಲಲ್ಲಿ, ಆಮೇಲೆ ರಸ್ತೆಯಲ್ಲಿ. ಊರಿನ ಜನಸಂಖ್ಯೆ ನೋಡಿ ಹಾಕಿದ ನಿಲ್ದಾಣ ಇದಲ್ಲ, ಜೋಗದ ಬಾಗಿಲು ಅಂತ ಹಾಕಿದ ನಿಲ್ದಾಣ. ಸಣ್ಣ ಊರಿಗೆ ಅಷ್ಟು ದೊಡ್ಡ ಜಾಗ ಯಾಕೆ ಹಿಡಿದರು ಅನ್ನೋ ಪ್ರಶ್ನೆಗೆ ಉತ್ತರವೂ ಇದೇ.

ಎರಡನೇ ಮಹಾಯುದ್ಧ ಬಂದಿದ್ದರಿಂದ ಹೊರದೇಶದ ಯಂತ್ರ ಬರೋದು ತಡ ಆಯ್ತು. ಜೋಗದಲ್ಲಿ ಕರೆಂಟ್ ಹುಟ್ಟಿದ್ದು 1948ರಲ್ಲಿ. ಕೃಷ್ಣರಾಜೇಂದ್ರ ಹೆಸರಿನಲ್ಲಿ ಶುರುವಾದ ಯೋಜನೆ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಆಯ್ತು. ಈಗ ಅದರ ಸಾಮರ್ಥ್ಯ 139.2 ಮೆಗಾವಾಟ್. ಆಮೇಲೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಅದರ ನೀರಿನಲ್ಲಿ ನಡೆಯೋ 1,035 ಮೆಗಾವಾಟ್‌ನ ಶರಾವತಿ ಕೇಂದ್ರ. ಈ ಎಲ್ಲಾ ಕೆಲಸಕ್ಕೂ ಹತ್ತಿರದ ರೈಲು ತುದಿ ತಾಳಗುಪ್ಪವೇ. ಅದೇ ಲಿಂಗನಮಕ್ಕಿ ನೀರಿನಲ್ಲಿ ಮನೆ ತೋಟ ಕಳಕೊಂಡ ಕುಟುಂಬಗಳು ಈ ತಾಲ್ಲೂಕಿನಲ್ಲಿ ಇನ್ನೂ ಹಕ್ಕುಪತ್ರಕ್ಕೆ ಓಡಾಡ್ತಿವೆ ಅನ್ನೋದು ಬೇರೆ ಕತೆ.

ಸಾಗರದ ಪ್ಲಾಟ್‌ಫಾರ್ಮ್ ಮತ್ತು 1951

ಮೈಸೂರು ಸ್ಟೇಟ್ ರೈಲ್ವೆ ಅನ್ನೋದು 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯ್ತು. ಅದಾಗಿ ನಾಲ್ಕು ದಿನಕ್ಕೆ, ಏಪ್ರಿಲ್ 18ಕ್ಕೆ, ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರು. ಗೇಣಿ ಭತ್ತ ಅಳೆಯೋ ಕೊಳಗದ ಅಳತೆ ವಿಚಾರಕ್ಕೆ ಹುಟ್ಟಿದ ಜಗಳ, ಉಳುವವನೇ ಹೊಲದೊಡೆಯ ಅನ್ನೋ ತನಕ ಬೆಳೀತು. ಆ ಜೂನ್‌ನಲ್ಲಿ ಸತ್ಯಾಗ್ರಹಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನ ಪೊಲೀಸರು ಹಿಡಿದಿದ್ದು ಸಾಗರದ ರೈಲು ನಿಲ್ದಾಣದಲ್ಲೇ. ಈ ಸಾಲಿನ ಎಲ್ಲಾ ನಿಲ್ದಾಣಗಳಲ್ಲಿ ದೇಶದ ರಾಜಕೀಯ ಚರಿತ್ರೆಗೆ ಸೇರಿದ್ದು ಅದೊಂದೇ. ಅರಸಾಳು ಟಿವಿ ಚರಿತ್ರೆಗೆ ಸೇರಿತು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ದೃಶ್ಯ ತೆಗೆದಿದ್ದು ಅಲ್ಲಿ. ತಾಳಗುಪ್ಪಕ್ಕೆ ಇಂಥ ಹೆಸರು ಬರಲಿಲ್ಲ. ಕೆಲಸ ಮಾತ್ರ ಹೆಚ್ಚು ಮಾಡಿದ್ದು ಅದೇ ಅನ್ನಬೇಕು.

ತುದಿ ನಿಲ್ದಾಣದ ಯಾರ್ಡ್ ಅಂದ್ರೆ ಏನು

ನಡುದಾರಿಯ ನಿಲ್ದಾಣಕ್ಕೂ ತುದಿ ನಿಲ್ದಾಣಕ್ಕೂ ದೊಡ್ಡ ವ್ಯತ್ಯಾಸ ಇದೆ. ಕುಂಸಿಯಂಥ ಕಡೆ ಗಾಡಿ ಬರುತ್ತೆ, ನಿಲ್ಲುತ್ತೆ, ಮುಂದಕ್ಕೆ ಹೋಗುತ್ತೆ. ಎದುರು ಗಾಡಿ ಬಂದ್ರೆ ಪಕ್ಕಕ್ಕೆ ಸರಿಯೋಕೆ ಒಂದು ಲೂಪ್ ಲೈನ್ ಇದ್ರೆ ಸಾಕು. ತುದಿಯಲ್ಲಿ ಹಾಗಲ್ಲ. ಬಂದ ಗಾಡಿ ಅಲ್ಲೇ ತಿರುಗಬೇಕು, ಅಲ್ಲೇ ಖಾಲಿಯಾಗಬೇಕು, ಅಲ್ಲೇ ತುಂಬಬೇಕು, ರಾತ್ರಿ ಅಲ್ಲೇ ಮಲಗಬೇಕು.

ಮೀಟರ್ ಗೇಜ್ ಕಾಲದ ತುದಿ ನಿಲ್ದಾಣಕ್ಕೆ ಒಂದು ಲೆಕ್ಕ ಇತ್ತು. ಪ್ಲಾಟ್‌ಫಾರ್ಮ್ ಪಕ್ಕದಲ್ಲಿ ಮುಖ್ಯ ಲೈನ್. ಅದಕ್ಕೆ ಸಮಾನಾಂತರವಾಗಿ ಎರಡೂ ತುದಿ ಕೂಡೋ ಲೂಪ್. ಇದು ಇಂಜಿನ್ ಸುತ್ತಿ ಬರೋಕೆ. ಗಾಡಿ ಬಂದು ನಿಂತ ಮೇಲೆ ಇಂಜಿನ್ ಕಳಚಿ ಮುಂದಕ್ಕೆ ಹೋಗಿ, ಪಾಯಿಂಟ್ಸ್‌ಮನ್ ಹಳಿ ತಿರುಗಿಸಿದ ಮೇಲೆ ಲೂಪ್ ಹಿಡಿದು ಹಿಂದಕ್ಕೆ ಬಂದು, ಗಾಡಿಯ ಇನ್ನೊಂದು ತುದಿಗೆ ಸೇರಿಕೊಳ್ಳೋದು. ಮಕ್ಕಳು ಬೇಲಿ ಹತ್ತಿ ನೋಡೋ ಆಟ ಇದು. ಇವತ್ತಿಗೂ ಪ್ರಯಾಣಿಕರ ಗಾಡಿ ತುದಿ ನಿಲ್ದಾಣಕ್ಕೆ ಬಂದಾಗ ಇಂಜಿನ್ ಹೀಗೇ ಸುತ್ತಿ ಬರಬೇಕು. ಆ ಭಾಗ ಮಾತ್ರ ಎಂಬತ್ತು ವರ್ಷದಲ್ಲಿ ಬದಲಾಗಿಲ್ಲ.

ಉಗಿ ಇಂಜಿನ್‌ಗೆ ಇನ್ನೂ ಒಂದು ಕಷ್ಟ. ಅದಕ್ಕೆ ಮುಖ ಒಂದೇ ಕಡೆ. ಹಿಮ್ಮುಖವಾಗಿ, ಟೆಂಡರ್ ಮುಂದೆ ಮಾಡಿಕೊಂಡು ಓಡಿದರೆ ಡ್ರೈವರ್‌ಗೆ ದಾರಿ ಸರಿಯಾಗಿ ಕಾಣೋದಿಲ್ಲ, ವೇಗವೂ ಕಡಿಮೆ ಮಾಡಬೇಕು. ಅದಕ್ಕೇ ದೂರದ ತುದಿಗಳಲ್ಲಿ ಇಂಜಿನ್ ತಿರುಗಿಸೋ ತಿರುಗುಹಳಿ ಬೇಕಾಗ್ತಿತ್ತು. ದುಂಡನೆ ಗುಂಡಿ, ನಡುವೆ ಒಂದು ಕಬ್ಬಿಣದ ಸೇತುವೆ, ನಾಲ್ಕಾರು ಜನ ಸೇರಿ ತಳ್ಳಿದರೆ ಇಡೀ ಇಂಜಿನ್ ತಿರುಗೋದು. ಜಾಗ ಧಾರಾಳ ಇದ್ದ ಕಡೆ ಇದರ ಬದಲು ಮೂರು ಮೂಲೆಯ ಹಳಿ ಹಾಕ್ತಿದ್ರು. ಇದರ ಜೊತೆಗೆ ನೀರು ತುಂಬೋ ಕಂಬ, ಎತ್ತರದ ನೀರಿನ ಟ್ಯಾಂಕು, ಬೂದಿ ಉದುರಿಸೋ ಗುಂಡಿ, ಕಲ್ಲಿದ್ದಲು ರಾಶಿ. ಉಗಿ ಇಂಜಿನ್ ಇದ್ದ ಜಾಗದಲ್ಲಿ ನೂರು ವರ್ಷ ಆದ್ರೂ ಮಣ್ಣು ಕಪ್ಪಗೇ ಇರುತ್ತೆ. ನಮ್ಮ ಕೆಂಪು ಮಣ್ಣಿನ ಸೀಮೆಯಲ್ಲಿ ಅದು ಎದ್ದು ಕಾಣುತ್ತೆ. ಗುದ್ದಲಿ ಹಾಕಿದಾಗ ಕರಿ ಕಿಟ್ಟ ಸಿಕ್ಕಿದರೆ ಅಲ್ಲಿ ಇಂಜಿನ್ ನಿಲ್ತಿತ್ತು ಅಂತ ಧೈರ್ಯವಾಗಿ ಹೇಳಬಹುದು.

ವ್ಯಾಪಾರಸ್ಥರಿಗೆ ಬೇಕಾಗಿದ್ದ ಭಾಗ ಗೂಡ್ಸ್ ಸೈಡಿಂಗ್. ಮುಖ್ಯ ಲೈನಿನಿಂದ ಬೇರೆಯಾಗಿ ಹೋಗಿ ಒಂದು ಕಡೆ ಮುಗಿದುಹೋಗೋ ಹಳಿ ಅದು. ತುದಿಯಲ್ಲಿ ಮಣ್ಣಿನ ದಿಬ್ಬ ಅಥವಾ ಹಳಿ ತುಂಡಿನ ತಡೆ. ಪಕ್ಕದಲ್ಲಿ ವ್ಯಾಗನ್ ನೆಲಮಟ್ಟಕ್ಕೆ ಕಟ್ಟಿದ ಕಲ್ಲು ಕಟ್ಟೆ, ಅದರ ಮೇಲೆ ತಗಡಿನ ಗೂಡ್ಸ್ ಶೆಡ್. ಒಂದು ಕಡೆ ವ್ಯಾಗನ್, ಇನ್ನೊಂದು ಕಡೆ ಎತ್ತಿನ ಗಾಡಿ ಅಥವಾ ಲಾರಿ, ನಡುವೆ ಹಮಾಲರು. ನಾಟಾ, ಕಲ್ಲು, ಯಂತ್ರದಂಥ ಭಾರಕ್ಕೆ ಶೆಡ್ ಇಲ್ಲದ ಬಯಲು ಕಟ್ಟೆ ಬೇರೆ. ಕ್ರೇನ್ ಕೈಯಲ್ಲಿ ತಿರುಗಿಸೋದು.

ಲೆಕ್ಕಪತ್ರ ಕೂಡ ಈ ಶೆಡ್ಡಿನಲ್ಲೇ. ಮಾಲು ಬುಕ್ ಮಾಡಿದರೆ ರೈಲ್ವೆ ರಶೀದಿ, ವ್ಯಾಪಾರಸ್ಥರ ಬಾಯಲ್ಲಿ 'ಆರ್.ಆರ್.' ಅದನ್ನ ಬ್ಯಾಂಕ್ ಮೂಲಕ ಕೊಳ್ಳೋರಿಗೆ ಕಳಿಸೋದು, ಅವರು ದುಡ್ಡು ಕಟ್ಟಿ ರಶೀದಿ ಬಿಡಿಸಿಕೊಂಡು ಮಾಲು ತಗೊಳ್ಳೋದು. ಗುರುತೇ ಇಲ್ಲದ ದೂರದ ಊರಿನವರ ಜೊತೆ ವ್ಯಾಪಾರ ಮಾಡೋಕೆ ಈ ಒಂದು ಕಾಗದ ಸಾಕಾಗ್ತಿತ್ತು. ವ್ಯಾಗನ್ ಖಾಲಿ ಮಾಡೋದು ತಡವಾದ್ರೆ ಡೆಮರೇಜ್, ಇಳಿಸಿದ ಮಾಲನ್ನ ಕಟ್ಟೆ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ವಾರ್ಫೇಜ್. ಮಲೆನಾಡಿನ ಮಳೆಗಾಲದಲ್ಲಿ ಲಾರಿ ಸಿಗದೆ ಎರಡನ್ನೂ ಕಟ್ಟಿದವರಿಗೆ ಈ ಎರಡು ಇಂಗ್ಲಿಷ್ ಪದ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯಾರ್ಡಿಗೆ ಜಾಗ ಆರಿಸೋದ್ರಲ್ಲೂ ಒಂದು ನಿಯಮ ಇದೆ. ನಿಲ್ದಾಣದ ಯಾರ್ಡ್ ಹೆಚ್ಚೂಕಡಿಮೆ ಮಟ್ಟಸವಾಗಿರಬೇಕು. ರೈಲ್ವೆ ಲೆಕ್ಕದಲ್ಲಿ 400 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಇಳಿಜಾರು ಸಾಮಾನ್ಯವಾಗಿ ಬಿಡೋದಿಲ್ಲ, 1,200ಕ್ಕೆ 1 ಇದ್ದರೆ ಒಳ್ಳೇದು. ಇಲ್ಲದಿದ್ರೆ ಬಿಟ್ಟ ವ್ಯಾಗನ್ ತಾನೇ ಉರುಳಿ ಹೋಗುತ್ತೆ. ಮಲೆನಾಡಿನಲ್ಲಿ ಇಂಥ ಮಟ್ಟಸ ಜಾಗ ಉದ್ದಕ್ಕೆ ಸಿಗೋದು ಗದ್ದೆಬಯಲಲ್ಲಿ, ಇಲ್ಲಾಂದ್ರೆ ಗುಡ್ಡದ ತಲೆ ಮೇಲೆ. ಸಾಗರದ ನಿಲ್ದಾಣ ಪೇಟೆಯ ನಡುವೆ ಇಲ್ಲದೆ ಜಂಬಗಾರಿನಲ್ಲಿ ಇದೆ, ಹೆಸರೂ 'ಸಾಗರ ಜಂಬಗಾರು'. ರೈಲ್ವೆ ನಕ್ಷೆ ಹಾಕೋರು ಪೇಟೆ ಹುಡುಕೋದಿಲ್ಲ, ಮಟ್ಟ ಹುಡುಕ್ತಾರೆ.

ಸಣ್ಣ ಹಳಿ ಒಂಟಿಯಾಗಿದ್ದು

1992ರಲ್ಲಿ ಕೇಂದ್ರ ಸರ್ಕಾರ ಒಂದೇ ಗೇಜ್ ಯೋಜನೆ ತಂತು. ದೇಶದ ಮುಖ್ಯ ಮೀಟರ್ ಗೇಜ್ ದಾರಿಗಳೆಲ್ಲ ಬ್ರಾಡ್ ಗೇಜ್ ಆಗಬೇಕು ಅಂತ. ಬೆಂಗಳೂರು–ಹುಬ್ಬಳ್ಳಿ ದಾರಿ, ಬೀರೂರು–ಶಿವಮೊಗ್ಗ ದಾರಿ ಅದೇ ದಶಕದಲ್ಲಿ ದೊಡ್ಡ ಹಳಿಯಾದವು. ಶಿವಮೊಗ್ಗದಿಂದ ಈಚೆ ಮಾತ್ರ ಸಣ್ಣ ಹಳಿ ಉಳೀತು.

ತಾಳಗುಪ್ಪದ ಗೂಡ್ಸ್ ವ್ಯವಹಾರಕ್ಕೆ ಪೆಟ್ಟು ಬಿದ್ದಿದ್ದು ಆಗಲೇ, ಹಳಿ ಕಿತ್ತಾಗ ಅಲ್ಲ. ಮೊದಲು ಇಲ್ಲಿ ತುಂಬಿದ ವ್ಯಾಗನ್ ಅರಸೀಕೆರೆ, ಬೆಂಗಳೂರು, ಅದರಾಚೆಗೂ ಹಾಗೇ ಹೋಗ್ತಿತ್ತು. ಬೀರೂರು ದಾರಿ ಬದಲಾದ ಮೇಲೆ ಶಿವಮೊಗ್ಗದಲ್ಲಿ ಎಲ್ಲಾ ಇಳಿಸಿ, ಇನ್ನೊಂದು ಗಾತ್ರದ ವ್ಯಾಗನ್‌ಗೆ ಮತ್ತೆ ತುಂಬಬೇಕು. ಹಮಾಲಿ ಎರಡು ಸಲ, ಚೀಲ ಹರಿಯೋದು ಎರಡು ಸಲ, ದಿನವೂ ಹೆಚ್ಚು. ಯಾರು ತಾನೇ ಕಳಿಸ್ತಾರೆ? ಅಡಿಕೆ ಮಂಡಿ ಬಾಗಿಲಿಗೇ ಲಾರಿ ಬರೋ ಹೊತ್ತಿಗೆ ಗೂಡ್ಸ್ ಶೆಡ್ ತಾನಾಗೇ ಮೌನ ಆಗಿತ್ತು. ಈ ಸಾಲಿನ ಗೂಡ್ಸ್ ಸಾವಿಗೆ ಲಾರಿಯನ್ನೇ ದೂರೋದು ರೂಢಿ. ಆದ್ರೆ ಅರ್ಧಕ್ಕೆ ನಿಲ್ಲಿಸಿದ ಗೇಜ್ ಬದಲಾವಣೆಯ ಪಾಲೂ ಅದರಲ್ಲಿ ಕಡಿಮೆ ಇಲ್ಲ.

ಪ್ರಯಾಣಿಕರಿಗೆ ಆಗ ಉಳಿದಿದ್ದು ರೈಲ್ ಬಸ್. ಹಳಿ ಮೇಲೆ ಓಡೋ ಡೀಸೆಲ್ ಬಸ್ಸು, ಇಂಜಿನ್ ಡಬ್ಬಿ ಎಲ್ಲಾ ಒಂದೇ. ನೋಡೋಕೆ ಚಂದ, ಜಾಗ ಕಡಿಮೆ. ಅಷ್ಟಾದ್ರೂ ಅರಸಾಳು ಕಾಡಿನ ದಾರಿಯಲ್ಲಿ ಅದರಲ್ಲಿ ಹೋದವರು ಇವತ್ತಿಗೂ ಆ ಪ್ರಯಾಣದ ಮಾತಾಡ್ತಾರೆ.

2003ರ ಏಪ್ರಿಲ್ 1ಕ್ಕೆ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಶುರುವಾಯ್ತು. ಈ ಸಾಲು ಅದರ ಮೈಸೂರು ವಿಭಾಗಕ್ಕೆ ಸೇರಿದ್ದು. ಆಮೇಲೆ ಸಣ್ಣ ಹಳಿ ಮುಚ್ಚಿ ಕೆಲಸ ಹಿಡಿದರು. ಹಂತ ಹಂತವಾಗಿ ಆನಂದಪುರ, ಸಾಗರ ಮುಗಿದು 2011ರಲ್ಲಿ ಬ್ರಾಡ್ ಗೇಜ್ ತಾಳಗುಪ್ಪ ಮುಟ್ಟಿತು. ಅರಸಾಳಿನ ಹಳೇ ನಿಲ್ದಾಣದ ಕಟ್ಟಡ ಪಾಳು ಬಿದ್ದಿತ್ತು. ಅದನ್ನ ದುರಸ್ತಿ ಮಾಡಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಮಾಡಿದರು.

ದೊಡ್ಡ ಹಳಿಗೆ ಹಳೇ ಯಾರ್ಡ್ ಯಾಕೆ ಹೊಂದೋದಿಲ್ಲ

ಹಳಿ ಎರಡಡಿ ಅಗಲ ಆದ್ರೆ ಯಾರ್ಡೂ ಅಷ್ಟೇ ದೊಡ್ಡದಾದ್ರೆ ಸಾಕಲ್ವಾ ಅಂತ ಅನ್ನಿಸಬಹುದು. ವಿಷಯ ಅಗಲದ್ದಲ್ಲ, ಉದ್ದದ್ದು. ಈಗಿನ ಎಲ್.ಎಚ್.ಬಿ. ಬೋಗಿ ಒಂದಕ್ಕೆ ಸುಮಾರು 24 ಮೀಟರ್. 24 ಬೋಗಿಯ ಗಾಡಿ ಅಂದ್ರೆ 576 ಮೀಟರ್, ಇಂಜಿನ್ ಸೇರಿ 600 ಮೀಟರ್ ಆಸುಪಾಸು. ಪೂರ್ತಿ ಉದ್ದದ ಗೂಡ್ಸ್ ನಿಲ್ಲೋಕೆ ರೈಲ್ವೆಯ ಅಳತೆ 686 ಮೀಟರ್. ಇದು ಹಳಿ ಕವಲೊಡೆಯೋ ಜಾಗ ಬಿಟ್ಟು, ನೆಟ್ಟಗೆ ನಿಲ್ಲೋ ಜಾಗದ ಲೆಕ್ಕ. ದೊಡ್ಡ ಹಳಿಯ ಗಾಡಿಗೆ ಸಣ್ಣ ಹಳಿಯಷ್ಟು ಬಿಗಿ ತಿರುವು ಆಗೋದಿಲ್ಲ, ಹಾಗಾಗಿ ಕವಲೂ ಉದ್ದಕ್ಕೆ ಎಳೆಯಬೇಕು. ಸಣ್ಣ ಹಳಿ ಕಾಲದಲ್ಲಿ ಗಾಡಿಯೂ ಗಿಡ್ಡ, ಬೋಗಿಯೂ ಗಿಡ್ಡ.

ಇದರಿಂದ ಎರಡು ಪರಿಣಾಮ. ಹೊಸ ಯಾರ್ಡ್ ಉದ್ದಕ್ಕೆ ಬೆಳೆದು ಮೊದಲು ರೈಲ್ವೆಗೆ ಬೇಡವಾಗಿದ್ದ ಕಡೆಗೂ ಚಾಚುತ್ತೆ. ಹಳೇ ಯಾರ್ಡಿನ ಪಕ್ಕದ ಸೈಡಿಂಗ್, ತಿರುವು, ಗೂಡ್ಸ್ ಕಟ್ಟೆ ಇದ್ದ ಜಾಗ ಹಳಿ ಇಲ್ಲದೆ ಖಾಲಿ ಬೀಳುತ್ತೆ. ಗೇಜ್ ಬದಲಾದ ಎಲ್ಲಾ ಊರಲ್ಲೂ ಇದೇ ಕತೆ. ಜನರ ಕಣ್ಣಿಗೆ ಬೀಳೋದು ಈ ಖಾಲಿ ಪಟ್ಟಿ. ಕಳೆ ಬೆಳೆದಿದೆ, ಹಳಿ ಇಲ್ಲ, ಕೇಳೋರಿಲ್ಲ, ಹಾಗಾಗಿ ಯಾರದ್ದೂ ಅಲ್ಲ ಅಂತ.

ಖಾಲಿ ಇದೆ ಅಂದ್ರೆ ಬಿಟ್ಟಿದಾರೆ ಅಂತಲ್ಲ

ಹಳಿ ಕಿತ್ತರೂ ಜಮೀನು ರೈಲ್ವೆಯದ್ದೇ. ಗಡಿ ಗೊತ್ತಾಗೋದು ರೈಲ್ವೆ ಗಡಿ ಕಲ್ಲಿನಿಂದ, ಅಥವಾ ಹಳೇ ಹಳಿ ತುಂಡು ನೆಟ್ಟು ಮಾಡಿದ ಬೇಲಿಯಿಂದ. ಇಂಥ ಹಳಿ ಕಂಬದ ಪಕ್ಕೆಯಲ್ಲಿ ತಯಾರಿಸಿದ ಕಂಪನಿ ಹೆಸರು, ಇಸವಿ ಉಬ್ಬಕ್ಷರದಲ್ಲಿ ಇರುತ್ತೆ. ತುಕ್ಕು ಕೆರೆದು ನೋಡಿದ್ರೆ ಓದಬಹುದು. ಗುಜರಿಗೆ ಹಾಕೋ ಯೋಚನೆ ಯಾರೂ ಮಾಡಬಾರದು. ಅದು ರೈಲ್ವೆ ಆಸ್ತಿ, ಸಿಕ್ಕಿಬಿದ್ರೆ ಕೇಸು. ಕಲ್ಲು ಕಾಣದ ಕಡೆ ಎರಡು ಕಾಗದ ನೋಡಬೇಕು: ಪಕ್ಕದ ಸರ್ವೆ ನಂಬರಿನ ಪಹಣಿ ಮತ್ತು ಸರ್ವೆ ನಕ್ಷೆ, ಇನ್ನೊಂದು ರೈಲ್ವೆ ವಿಭಾಗದ ಇಂಜಿನಿಯರಿಂಗ್ ಕಚೇರಿಯಲ್ಲಿರೋ ಜಮೀನು ನಕ್ಷೆ. ಎರಡೂ ಹೊಂದದಿದ್ದರೆ ಜಂಟಿ ಸರ್ವೆ ಕೇಳಬೇಕು. ಮನೆ ಕಟ್ಟೋಕೆ ಮುಂಚೆ ಕೇಳಿದ್ರೆ ಒಂದು ಅರ್ಜಿಯ ಕೆಲಸ, ಕಟ್ಟಿದ ಮೇಲೆ ವಕೀಲರ ಕೆಲಸ.

ಪಂಚಾಯ್ತಿ ಲೈಸೆನ್ಸ್ ಇದೆ, ಕರೆಂಟ್ ಮೀಟರ್ ಇದೆ, ಇಪ್ಪತ್ತು ವರ್ಷದಿಂದ ಅಂಗಡಿ ಇದೆ ಅನ್ನೋದು ಸಾಮಾನ್ಯವಾಗಿ ಕೇಳೋ ವಾದ. ಲೈಸೆನ್ಸ್ ವ್ಯಾಪಾರಕ್ಕೆ ಕೊಟ್ಟಿದ್ದು, ಜಾಗಕ್ಕಲ್ಲ. ಅನುಭವದ ಮೇಲೆ ಹಕ್ಕು ಕೇಳೋಕೆ ಖಾಸಗಿ ಜಮೀನಿಗೆ 12 ವರ್ಷ ಅಂತ ಜನರಿಗೆ ಗೊತ್ತು. ಸರ್ಕಾರಿ ಜಮೀನಿಗೆ ಕಾಲಮಿತಿ ಕಾಯ್ದೆಯಲ್ಲಿರೋದು 30 ವರ್ಷ. ತಳ್ಳುಗಾಡಿ, ಬೀದಿ ವ್ಯಾಪಾರಿಗಳು ಒಂದು ವಿಷಯ ಮರೀಬಾರದು. ಅವರ ರಕ್ಷಣೆಗೆ ಇರೋ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ರೈಲ್ವೆ ಜಾಗಕ್ಕೆ ಅನ್ವಯ ಆಗೋದಿಲ್ಲ ಅಂತ ಆ ಕಾಯ್ದೆಯಲ್ಲೇ ಬರೆದಿದೆ. ರಸ್ತೆ ಅಂಚಿನಲ್ಲಿ ನಿಂತರೆ ಅದರ ರಕ್ಷಣೆ, ನಾಲ್ಕು ಹೆಜ್ಜೆ ಒಳಗೆ ಬಂದು ನಿಲ್ದಾಣದ ಆವರಣದಲ್ಲಿ ನಿಂತರೆ ಇಲ್ಲ.

ತೆರವು ಮಾಡಿಸೋಕೂ ರೈಲ್ವೆಯೋರು ಸುಮ್ಮನೆ ಬಂದು ಜೆಸಿಬಿ ಹಾಕೋ ಹಾಗಿಲ್ಲ. 1971ರ ಸಾರ್ವಜನಿಕ ಆವರಣಗಳ ಕಾಯ್ದೆ ಪ್ರಕಾರ ಎಸ್ಟೇಟ್ ಆಫೀಸರ್ ಅನ್ನೋ ಅಧಿಕಾರಿ ಮೊದಲು ಕಾರಣ ಕೇಳಿ ನೋಟಿಸ್ ಕೊಡಬೇಕು, ಹೇಳಿಕೆ ಕೇಳಬೇಕು, ಆಮೇಲೆ ಆದೇಶ ಮಾಡಬೇಕು. ಸಿವಿಲ್ ಕೋರ್ಟಿಗೆ ಹೋಗೋ ದಾರಿ ಈ ಕಾಯ್ದೆಯಲ್ಲಿ ಮುಚ್ಚಿದೆ. ಮೇಲ್ಮನವಿ ಹಾಕಬೇಕಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ, ಅದೂ 12 ದಿನದೊಳಗೆ. ನೋಟಿಸ್ ತಗೊಳ್ಳದೆ ವಾಪಸ್ ಕಳಿಸಿದ್ರೆ ಆಯ್ತು ಅನ್ನೋರು ಈ ಹನ್ನೆರಡು ದಿನವನ್ನೇ ಕಳಕೊಳ್ತಾರೆ.

ಕಾನೂನಿನ ದಾರಿಯೂ ಇದೆ. ನಿಲ್ದಾಣದಲ್ಲಿ ಸ್ಟಾಲ್, ಪಾರ್ಕಿಂಗ್, ಜಾಹೀರಾತು ಫಲಕಕ್ಕೆ ವಿಭಾಗದ ವಾಣಿಜ್ಯ ಶಾಖೆ ಟೆಂಡರ್ ಕರೆಯುತ್ತೆ. ಖಾಲಿ ಜಮೀನನ್ನ ಗುತ್ತಿಗೆಗೆ ಕೊಡೋಕೆ 2005ರ ತಿದ್ದುಪಡಿಯ ಮೇಲೆ ಹುಟ್ಟಿದ ರೈಲು ಭೂಮಿ ಅಭಿವೃದ್ಧಿ ಪ್ರಾಧಿಕಾರ ಅಂತಲೇ ಒಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಸರಕು ಟರ್ಮಿನಲ್‌ಗೆ ರೈಲ್ವೆ ಜಾಗವನ್ನ 35 ವರ್ಷದ ತನಕ, ವರ್ಷಕ್ಕೆ ಮಾರುಕಟ್ಟೆ ಬೆಲೆಯ 1.5 ಪರ್ಸೆಂಟ್ ಬಾಡಿಗೆಗೆ ಕೊಡೋ ನೀತಿ ಒಪ್ಪಿತು. ಆದ್ರೆ ಇದು ಒಬ್ಬೊಬ್ಬ ಅಂಗಡಿಯವರ ಕೈಗೆ ಎಟುಕೋ ಮಾತಲ್ಲ. ಹಿಂದೆ ಒಂದೇ ವ್ಯಾಗನ್ ಬುಕ್ ಮಾಡಬಹುದಿತ್ತು. ಈಗಿನ ಗೂಡ್ಸ್ ಅಂದ್ರೆ ಪೂರ್ತಿ ರೇಕ್, 42 ಮುಚ್ಚಿದ ವ್ಯಾಗನ್, ಎರಡೂವರೆ ಸಾವಿರ ಟನ್ ಲೆಕ್ಕ. ನೂರಕ್ಕೂ ಹೆಚ್ಚು ಲಾರಿ ಲೋಡು ಒಂದೇ ಸಲ ಕೂಡಿಸಬೇಕು. ಗೊಬ್ಬರ, ಸಿಮೆಂಟ್, ಪಡಿತರದ ಅಕ್ಕಿ ತರೋ ದೊಡ್ಡ ಸಂಸ್ಥೆಗಳಿಗೆ ಇದು ಆಗುತ್ತೆ, ಮಂಡಿಯ ಒಬ್ಬ ವರ್ತಕನಿಗೆ ಆಗೋದಿಲ್ಲ. ಸಹಕಾರ ಸಂಘಗಳು ಕೂಡಿ ಕೇಳಿದರೆ ಮಾತು ಬೇರೆ.

ಡಿಪೋ ಕೋಟೆಗಂಗೂರಿಗೆ

ಹಳೇ ಯಾರ್ಡಿನ ಜಾಗದ ಮಾತು ಬಂದಾಗೆಲ್ಲ ತಾಲ್ಲೂಕಿನಲ್ಲಿ ಎದ್ದು ಬರೋ ಬೇಸರ ಕೋಚಿಂಗ್ ಡಿಪೋದ್ದು. ಬೋಗಿ ತೊಳೆಯೋದು, ನೀರು ತುಂಬೋದು, ಅಡಿಯಿಂದ ಗಾಲಿ ಬ್ರೇಕ್ ಪರೀಕ್ಷೆ ಮಾಡೋಕೆ ಗುಂಡಿ ಇರೋ ಪಿಟ್ ಲೈನ್, ಗಾಡಿ ನಿಲ್ಲಿಸೋ ಲೈನ್‌ಗಳು, ಇವೆಲ್ಲ ಸೇರಿದ್ದು ಡಿಪೋ. ಗಾಡಿ ಎಲ್ಲಿ ತೊಳೆಯುತ್ತೋ ಅಲ್ಲಿಂದ ಹೊಸ ಗಾಡಿ ಹೊರಡೋದು ಸುಲಭ. ಡಿಪೋ ಇಲ್ಲದ ತುದಿಗೆ ಬಂದ ಗಾಡಿ ಬೇರೆ ಕಡೆಯ ಡಿಪೋದ ಸಮಯ ನೋಡಿಕೊಂಡು ವಾಪಸ್ ಓಡಬೇಕು. ಜೊತೆಗೆ ನೂರಾರು ಕೆಲಸ, ಊಟದ ಹೋಟೆಲ್, ಬಾಡಿಗೆ ಮನೆ.

ಡಿಪೋ ತುದಿ ನಿಲ್ದಾಣವಾದ ತಾಳಗುಪ್ಪದಲ್ಲೇ ಆಗಬೇಕು ಅನ್ನೋದು ಸಾಗರ ಭಾಗದ ಬೇಡಿಕೆಯಾಗಿತ್ತು. ಶಂಕುಸ್ಥಾಪನೆ ಆಗಿದ್ದು ಶಿವಮೊಗ್ಗ ಪಕ್ಕದ ಕೋಟೆಗಂಗೂರಿನಲ್ಲಿ, 2023ರ ಫೆಬ್ರುವರಿ 27ರಂದು, ಪ್ರಧಾನಿ ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆಗೆ ಬಂದ ದಿನವೇ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ದಾರಿಗೂ ಅದೇ ದಿನ ಅಡಿಗಲ್ಲು. ಆ ದಾರಿ ಮುಗಿದರೆ ಶಿವಮೊಗ್ಗ ಕಡೆ ಗಾಡಿಗಳ ಓಡಾಟ ಹೆಚ್ಚಾಗುತ್ತೆ, ಡಿಪೋ ಅಲ್ಲಿರೋದೇ ಸರಿ ಅಂತ ರೈಲ್ವೆ ಲೆಕ್ಕದಲ್ಲಿ ಹೇಳಬಹುದು. ತಾಳಗುಪ್ಪದವರ ಲೆಕ್ಕದಲ್ಲಿ ಕೈಗೆ ಬಂದ ತುತ್ತು. ಎರಡೂ ಲೆಕ್ಕ ಸುಳ್ಳಲ್ಲ.

ತಾಳಗುಪ್ಪದಿಂದ ಹೊನ್ನಾವರಕ್ಕೆ ಇಳಿದು ಕೊಂಕಣ ರೈಲ್ವೆ ಸೇರೋ ದಾರಿ, ಸಿದ್ದಾಪುರ, ಶಿರಸಿ ಮೇಲೆ ಹುಬ್ಬಳ್ಳಿಗೆ ಹೋಗೋ ದಾರಿ ಎರಡೂ ದಶಕಗಳಿಂದ ಮಾತಿನಲ್ಲಿವೆ. ಹೊನ್ನಾವರ ಕಡೆ ಇಳಿಯಬೇಕಾದ್ದು ಶರಾವತಿ ಕಣಿವೆಯ ದಟ್ಟ ಕಾಡಿನಲ್ಲಿ, ಸಿಂಗಳೀಕಗಳ ಅಭಯಾರಣ್ಯದ ಸೀಮೆಯಲ್ಲಿ. ಘಟ್ಟದ ಇನ್ನೊಂದು ಕಡೆ, ಕ್ಯಾಸಲ್‌ರಾಕ್–ಕುಳೆಂ ನಡುವೆ ಇದ್ದ ಹಳಿಗೇ ಜೋಡಿ ಹಳಿ ಹಾಕೋಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಇರೋ ದಾರಿಗೇ ಹೀಗಾದ್ರೆ ಹೊಸ ದಾರಿಗೆ ಎಷ್ಟು ಕಷ್ಟ ಅನ್ನೋದು ಊಹೆ ಮಾಡಬಹುದು. ಸಿದ್ದಾಪುರ ಕಡೆಯ ದಾರಿಗೆ ಆ ಮಟ್ಟದ ಘಟ್ಟ ಇಳಿಯೋ ತೊಂದರೆ ಇಲ್ಲ.

ಸದ್ಯಕ್ಕೆ ಕೈಯಲ್ಲಿರೋದು ಅಮೃತ ಭಾರತ್ ಯೋಜನೆ. ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ಮೂರೂ ಅದರ ಪಟ್ಟಿಯಲ್ಲಿವೆ. ಈ ಯೋಜನೆಯಲ್ಲಿ ನಿಲ್ದಾಣದ ಮುಂದಿನ ಅಂಗಳ, ವಾಹನ ನಿಲ್ಲೋ ಜಾಗ, ಒಳ ರಸ್ತೆ ಅಗಲ ಮಾಡೋ ಕೆಲಸ ಮುಖ್ಯ. ಹಾಗಾಗಿ ನಿಲ್ದಾಣದ ಮುಂದೆ ಅಥವಾ ಹಳೇ ಗೂಡ್ಸ್ ಕಟ್ಟೆ ಆಸುಪಾಸು ಅಂಗಡಿ, ಗೂಡಂಗಡಿ ಇಟ್ಟವರು ಗಡಿ ಕಲ್ಲು ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳೋದು ಒಳ್ಳೇದು. ಅರ್ಜಿ ಹಾಕಬೇಕಾದ್ದು ಮೈಸೂರಿನಲ್ಲಿರೋ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ. ನಕ್ಷೆ ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಕೇಂದ್ರ ಸರ್ಕಾರದ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.